ಡೀಸೆಲ್ ಹೋಯಿತು, ನಿಲುಗಡೆ ಉಳಿಯಲಿ

ಪುಷ್ಯ ಮಾಸದ ಶುದ್ಧ ಷಷ್ಠಿಗೆ ಘಾಟಿ ಸುಬ್ರಹ್ಮಣ್ಯದಲ್ಲಿ ಬ್ರಹ್ಮರಥೋತ್ಸವ. ಅದರ ಆಸುಪಾಸಿನಲ್ಲೇ ಹಳ್ಳಿಕಾರ್ ಜೋಡಿಗಳಿಗೆ ಹೆಸರಾದ ದನಗಳ ಜಾತ್ರೆ. ಆ ದಿನಗಳಲ್ಲಿ ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ರಸ್ತೆಯಲ್ಲಿ ಕಾರು, ಬಸ್ಸು, ಟೆಂಪೊಗಳು ಒಂದರ ಹಿಂದೊಂದು ತೆವಳುತ್ತವೆ. ದೇವಸ್ಥಾನದಿಂದ ಕೆಲವೇ ಕಿಲೋಮೀಟರ್ ಆಚೆ, ಮಾಕಳಿ ಬೆಟ್ಟದ ಬುಡದಲ್ಲಿ, ಜೋಡಿ ಹಳಿ ಮತ್ತು 25,000 ವೋಲ್ಟ್ ವಿದ್ಯುತ್ ತಂತಿ ಇರುವ ರೈಲು ಮಾರ್ಗವಿದೆ, ಮಾಕಳಿದುರ್ಗ ಎಂಬ ನಿಲ್ದಾಣವೂ ಇದೆ. ಅಲ್ಲಿ ದಿನಕ್ಕೆ ನಿಲ್ಲುವ ಗಾಡಿಗಳು ಮಾತ್ರ ಬೆರಳೆಣಿಕೆಯಷ್ಟು. ಉಳಿದವೆಲ್ಲ ಹಿಂದೂಪುರ, ಧರ್ಮಾವರ, ದೆಹಲಿ, ಮುಂಬೈ ಎನ್ನುತ್ತಾ ತಿರುವಿನಲ್ಲಿ ಕೂಗು ಹಾಕಿ ಹೊರಟುಹೋಗುತ್ತವೆ.

ಈ ಹಾದಿಯಲ್ಲಿ ಸುಮಾರು ಮೂರು ದಶಕ ಕಾಲ ಡೀಸೆಲ್ ಎಂಜಿನ್ನಿನ ಪ್ಯಾಸೆಂಜರ್ ಗಾಡಿ ಓಡಿತು. ನಿಧಾನ, ಹೊಗೆ, ಕ್ರಾಸಿಂಗಿಗೆ ಕಾಯುವ ಬೇಸರ, ಎಲ್ಲವೂ ಅದಕ್ಕಿತ್ತು. ಹೆಚ್ಚು ಗಾಡಿ ಕೊಡಿ, ಹೆಚ್ಚು ಕಡೆ ನಿಲ್ಲಿಸಿ ಎಂದು ಕೇಳಿದವರಿಗೆ ಆಗ ಸಿಗುತ್ತಿದ್ದ ಉತ್ತರಗಳಲ್ಲಿ ತಾಂತ್ರಿಕ ಸತ್ಯವಿತ್ತು. ಈಗ ಆ ಕಾರಣಗಳೆಲ್ಲ ಒಂದೊಂದಾಗಿ ಹೋಗಿವೆ, ಉತ್ತರ ಮಾತ್ರ ಹಳೆಯದೇ ಉಳಿದಿದೆ. ತಕರಾರು ಇರುವುದು ಇಲ್ಲಿಯೇ.

ಮಾರ್ಗದ ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. ಬೆಂಗಳೂರಿನಿಂದ ಹಿಂದೂಪುರದ ಕಡೆಗಿನ ಮೀಟರ್ ಗೇಜ್ ಹಳಿ ಮೈಸೂರು ಸಂಸ್ಥಾನದ ಕೆಲಸ. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ 1890ರ ದಶಕದ ಮೊದಲ ವರ್ಷಗಳಲ್ಲಿ ಅದು ತೆರೆಯಿತು. ಗುಂತಕಲ್ಲಿನಿಂದ ಮೈಸೂರು ಗಡಿಯವರೆಗೆ ಬಂದ ಮತ್ತೊಂದು ಹಳಿ ಹಿಂದೂಪುರದಲ್ಲಿ ಇದಕ್ಕೆ ಕೂಡಿಕೊಂಡಿತು. ಎರಡನ್ನೂ ಓಡಿಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ ಕಂಪನಿ. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಬಾವಿ, ಗೌರಿಬಿದನೂರು, ವಿದುರಾಶ್ವತ್ಥ, ಹಿಂದೂಪುರ. ಈ ಪಟ್ಟಿಯಲ್ಲಿ ನೇಕಾರರ ಊರಿದೆ, ಸಿಮೆಂಟ್ ಕಾರ್ಖಾನೆಯ ಊರಿದೆ, ಕಬ್ಬಿನ ಸೀಮೆಯಿದೆ, ನಾಗಾರಾಧನೆಯ ಎರಡು ದೊಡ್ಡ ಕ್ಷೇತ್ರಗಳೂ ಇವೆ. ಘಾಟಿಯಲ್ಲಿ ನಾಗಪ್ರತಿಷ್ಠೆ ಮಾಡಿಸುವವರು, ವಿದುರಾಶ್ವತ್ಥದ ಅರಳಿಕಟ್ಟೆಯ ನಾಗರಕಲ್ಲುಗಳಿಗೆ ಹಾಲೆರೆಯುವವರು ಕನ್ನಡ ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಬರುತ್ತಾರೆ. ಎರಡೂ ಕ್ಷೇತ್ರಗಳನ್ನು ಒಂದೇ ಪ್ಯಾಸೆಂಜರ್ ಗಾಡಿ ಒಂದೇ ಟಿಕೆಟ್ಟಿನಲ್ಲಿ ಜೋಡಿಸಬಲ್ಲದು.

1980ರ ದಶಕದ ಆರಂಭದಲ್ಲಿ ಈ ಹಾದಿ ಬ್ರಾಡ್ ಗೇಜಿಗೆ ಬದಲಾಯಿತು. ದೆಹಲಿಯ ಕರ್ನಾಟಕ ಎಕ್ಸ್‌ಪ್ರೆಸ್, ಮುಂಬೈಯ ಉದ್ಯಾನ್ ಎಕ್ಸ್‌ಪ್ರೆಸ್ ಇದೇ ಹಳಿ ಹಿಡಿದವು. ಕೃಷ್ಣರಾಜಪುರದಲ್ಲಿ ಡೀಸೆಲ್ ಶೆಡ್ಡು ಬಂದದ್ದೂ ಅದೇ ದಶಕದಲ್ಲಿ. ಅಲ್ಲಿದ್ದ ಮುಖ್ಯ ಎಂಜಿನ್ ಡಬ್ಲ್ಯುಡಿಎಂ-2. ಅಮೆರಿಕದ ಆಲ್ಕೊ ಕಂಪನಿಯ ಪರವಾನಗಿ ಪಡೆದು ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ 1964ರಲ್ಲಿ ಇದನ್ನು ಹೊರತರಲು ಆರಂಭಿಸಿತ್ತು. ಹದಿನಾರು ಸಿಲಿಂಡರ್, 2,600 ಅಶ್ವಶಕ್ತಿ. ಎಕ್ಸ್‌ಪ್ರೆಸ್ಸಿಗೂ ಅದೇ, ಗೂಡ್ಸಿಗೂ ಅದೇ, ಹಳ್ಳಿಹಳ್ಳಿಗೆ ನಿಲ್ಲುವ ಪ್ಯಾಸೆಂಜರಿಗೂ ಅದೇ.

ತೊಡಕು ಶುರುವಾಗುವುದೂ ಅಲ್ಲಿಂದಲೇ. ಡೀಸೆಲ್ ರೈಲನ್ನು ಎಳೆಯುವುದು ವಾಸ್ತವವಾಗಿ ವಿದ್ಯುತ್ತೇ. ಡೀಸೆಲ್ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಅದರಿಂದ ಹುಟ್ಟಿದ ವಿದ್ಯುತ್ತು ಚಕ್ರಗಳ ಬಳಿಯ ಮೋಟಾರುಗಳಿಗೆ ಹೋಗುತ್ತದೆ. ನಿಂತ ಗಾಡಿಯನ್ನು ಎಬ್ಬಿಸಲು ಡ್ರೈವರ್ ವೇಗದ ಹಿಡಿಕೆಯನ್ನು ಒಂದೊಂದೇ ನಾಚ್ ಏರಿಸಬೇಕು. ಟರ್ಬೊ ವೇಗಕ್ಕೆ ಬರುವತನಕ ಉರಿಯಲು ಸಾಕಷ್ಟು ಗಾಳಿ ಸಿಗದೆ ಕರಿಹೊಗೆ ಕಾರುತ್ತದೆ. ಎಳೆಯುವ ಶಕ್ತಿಯೆಲ್ಲ ಮುಂದಿರುವ ಒಂದೇ ಎಂಜಿನ್ನಿನ ಆರು ಅಚ್ಚುಗಳಲ್ಲಿರುತ್ತದೆ, ಹಿಂದಿನ ಹತ್ತು ಹನ್ನೆರಡು ಬೋಗಿಗಳು ಬರೀ ಭಾರ. ಇಂಥ ಗಾಡಿ ಆರೇಳು ಕಿಲೋಮೀಟರಿಗೊಮ್ಮೆ ನಿಂತು ಮತ್ತೆ ವೇಗ ಹಿಡಿಯುವಷ್ಟರಲ್ಲಿ ಮುಂದಿನ ನಿಲ್ದಾಣ ಬಂದಿರುತ್ತದೆ. ದೊಡ್ಡಬಳ್ಳಾಪುರಕ್ಕಿಂತ ಗೌರಿಬಿದನೂರು ಸುಮಾರು 200 ಮೀಟರ್ ತಗ್ಗಿನಲ್ಲಿದೆ. ಹೀಗಾಗಿ ಗೌರಿಬಿದನೂರು ಕಡೆಯಿಂದ ಬೆಂಗಳೂರಿಗೆ ಬರುವ ಗಾಡಿಗೆ ಮಾಕಳಿದುರ್ಗದ ಕಣಿವೆ ಏರು ಹಾದಿ. ಬೆಟ್ಟಗಳ ನಡುವೆ ಆಲ್ಕೊ ಎಂಜಿನ್ ಏದುಸಿರು ಬಿಡುತ್ತಾ ಹತ್ತುವ ದೃಶ್ಯ ರೈಲು ಪ್ರಿಯರ ಕ್ಯಾಮೆರಾಗಳಿಗೆ ಹಬ್ಬವಾಗಿತ್ತು. ಒಳಗೆ ಕೂತು ಆಫೀಸಿಗೆ ತಡವಾಗುತ್ತಿದೆ ಎಂದು ಗಡಿಯಾರ ನೋಡುತ್ತಿದ್ದವರಿಗೆ ಅದು ಹಬ್ಬವೇನೂ ಆಗಿರಲಿಲ್ಲ.

ಒಂಟಿ ಹಳಿಯ ಕಾಟ ಬೇರೆ. ಎದುರಿನಿಂದ ಒಂದು ಎಕ್ಸ್‌ಪ್ರೆಸ್ ಬರುತ್ತಿದ್ದರೆ, ಹಿಂದಿನಿಂದ ಇನ್ನೊಂದು ಅಟ್ಟಿಸಿಕೊಂಡು ಬರುತ್ತಿದ್ದರೆ, ಪಕ್ಕದ ಲೂಪ್ ಹಳಿಗೆ ಸರಿಯಬೇಕಾದದ್ದು ಪ್ಯಾಸೆಂಜರ್ ಗಾಡಿಯೇ. ಎಷ್ಟೋ ಸಲ ಗೂಡ್ಸಿಗೂ ಅದು ದಾರಿ ಬಿಡಬೇಕಾಗುತ್ತಿತ್ತು. ವೇಳಾಪಟ್ಟಿಯಲ್ಲಿ ಎರಡು ನಿಮಿಷವೆಂದಿದ್ದ ನಿಲುಗಡೆ ಅರ್ಧ ಗಂಟೆಗೆ ಬೆಳೆದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಕೊನೆಯ ನಿಲ್ದಾಣ ಮುಟ್ಟಿದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಎಂಜಿನ್ ಕಳಚಬೇಕು, ಬೇರೆ ಹಳಿಯಲ್ಲಿ ಸುತ್ತಿಬಂದು ಇನ್ನೊಂದು ತುದಿಗೆ ಕೊಂಡಿ ಹಾಕಬೇಕು, ಬ್ರೇಕ್ ಪರೀಕ್ಷೆ ಮಾಡಬೇಕು. ಅಷ್ಟು ಹೊತ್ತೂ ಒಂದು ಪ್ಲಾಟ್‌ಫಾರ್ಮು ಕಟ್ಟಿಹಾಕಿದ ಹಾಗೆ. ಬೆಂಗಳೂರಿನಂಥ ಇಕ್ಕಟ್ಟಿನ ನಿಲ್ದಾಣದಲ್ಲಿ ಇನ್ನೊಂದು ಲೋಕಲ್ ಗಾಡಿ ಸೇರಿಸಲು ಜಾಗವಿಲ್ಲ ಎಂಬ ಮಾತು ಆಗ ಸುಳ್ಳಾಗಿರಲಿಲ್ಲ.

ಈ ತೊಡಕಿಗೆ ಡೀಸೆಲ್ ಕಾಲವೇ ಒಂದು ಮದ್ದು ಹುಡುಕಿತ್ತು. ಜರ್ಮನಿಯಲ್ಲಿ 1950ರಲ್ಲಿ ಊರ್ಡಿಂಗನ್ ಪಟ್ಟಣದ ಕಾರ್ಖಾನೆಯಿಂದ ಬಂದ ರೈಲ್ ಬಸ್, ಬಸ್ಸಿನಷ್ಟೇ ಹಗುರಾದ ಒಂಟಿ ಬೋಗಿ, ಮುಚ್ಚಿಹೋಗಬೇಕಿದ್ದ ಎಷ್ಟೋ ಕವಲು ಮಾರ್ಗಗಳನ್ನು ದಶಕಗಳ ಕಾಲ ಜೀವಂತವಾಗಿಟ್ಟಿತು. ಭಾರತದಲ್ಲಿ 1990ರ ದಶಕದಲ್ಲಿ ಡೆಮು ಗಾಡಿಗಳು ಬಂದವು. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ತಯಾರಾದ ಈ ಗಾಡಿಗಳಲ್ಲಿ ಎಂಜಿನ್ ಬೋಗಿಯೊಳಗೇ ಇರುತ್ತದೆ, ಎರಡೂ ತುದಿಯಲ್ಲಿ ಡ್ರೈವರ್ ಕೋಣೆ ಇರುತ್ತದೆ. ಗಾಡಿ ತಿರುಗಿ ಹೊರಡಬೇಕಾದರೆ ಡ್ರೈವರ್ ಒಂದು ತುದಿಯಿಂದ ಇನ್ನೊಂದಕ್ಕೆ ನಡೆದುಹೋದರೆ ಆಯಿತು.

ಕರ್ನಾಟಕದಲ್ಲಿ ಸಣ್ಣ ಡೀಸೆಲ್ ಗಾಡಿಯ ಉಪಕಾರ ಏನೆಂಬುದನ್ನು ಶಿವಮೊಗ್ಗ–ತಾಳಗುಪ್ಪ ಮಾರ್ಗದವರು ಬಲ್ಲರು. ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಆ ಹಾದಿಯಲ್ಲಿ ಓಡಿದ್ದು ರೈಲ್ ಬಸ್. ನೋಡಿದವರು ಇದೂ ಒಂದು ರೈಲೇ ಎಂದು ನಗಬಹುದಿತ್ತು. ಆದರೆ ಗಾಡಿ ಓಡುತ್ತಿದ್ದ ಕಾರಣಕ್ಕೇ ಹಳಿಯನ್ನು ಕಿತ್ತುಹಾಕುವ ಮಾತು ಮೇಲೇಳಲಿಲ್ಲ. ಗೇಜ್ ಬದಲಾವಣೆ ಮುಗಿದ ಮೇಲೆ ಇಂದು ತಾಳಗುಪ್ಪದಿಂದ ಬೆಂಗಳೂರಿಗೂ ಮೈಸೂರಿಗೂ ನೇರ ಗಾಡಿಗಳಿವೆ. ಕೋಲಾರದ ಕಥೆಯೂ ಹೀಗೇ. ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಚಿಂತಾಮಣಿ, ಕೋಲಾರ ದಾಟಿ ಬಂಗಾರಪೇಟೆ ಸೇರುತ್ತಿದ್ದ ನ್ಯಾರೋ ಗೇಜ್ ಹಳಿ 1910ರ ದಶಕದ್ದು. ಬ್ರಾಡ್ ಗೇಜ್ ಕಾಮಗಾರಿ ತುಂಡು ತುಂಡಾಗಿ ನಡೆಯಿತು. ನಡುವಿನ ಕೋಲಾರ–ಚಿಕ್ಕಬಳ್ಳಾಪುರ ಭಾಗಕ್ಕೆ ಮತ್ತೆ ರೈಲು ಬಂದದ್ದು 2013ರ ನವೆಂಬರಿನಲ್ಲಿ, ಮಲ್ಲಿಕಾರ್ಜುನ ಖರ್ಗೆ ರೈಲ್ವೆ ಸಚಿವರಾಗಿದ್ದಾಗ. ಅಲ್ಲಿಯತನಕ ಕೋಲಾರಕ್ಕೆ ರೈಲು ಎಂದರೆ ಬಂಗಾರಪೇಟೆಯ ರೈಲ್ ಬಸ್ಸು.

ಗಾಡಿ ಕೊಟ್ಟರೆ ಸಾಲದು, ಹೊತ್ತು ನೋಡಿ ಕೊಡಬೇಕು ಎಂಬುದಕ್ಕೆ ಸಾಕ್ಷಿ ಘಾಟಿ ಇರುವ ಜಿಲ್ಲೆಯದೇ ಇನ್ನೊಂದು ಮೂಲೆಯಲ್ಲಿದೆ. 2021ರ ಜನವರಿ 4ರಂದು ಕೆಂಪೇಗೌಡ ವಿಮಾನ ನಿಲ್ದಾಣದ ಹಾಲ್ಟಿಗೆ ರೈಲು ಶುರುವಾಯಿತು. ಯಲಹಂಕ–ಚಿಕ್ಕಬಳ್ಳಾಪುರ ಹಾದಿಗೆ ಆಗಿನ್ನೂ ವಿದ್ಯುತ್ ಬಂದಿರಲಿಲ್ಲ, ಹಾಗಾಗಿ ಓಡಿದ್ದು ಡೆಮು. ನಗರದಿಂದ ಹತ್ತು ಹದಿನೈದು ರೂಪಾಯಿಗೆ ವಿಮಾನ ನಿಲ್ದಾಣದ ಹೊಸ್ತಿಲು. ಟ್ಯಾಕ್ಸಿಗೆ ಅದರ ಐವತ್ತು ಪಟ್ಟಿಗೂ ಹೆಚ್ಚು ಕೊಡುವ ಊರಿನಲ್ಲಿ ಇದು ಗೆಲ್ಲಲೇಬೇಕಾದ ಯೋಜನೆಯಾಗಿತ್ತು. ಗೆಲ್ಲಲಿಲ್ಲ. ಒಂಟಿ ಹಳಿಯ ಮೇಲೆ ದಿನಕ್ಕೆ ಕೆಲವೇ ಗಾಡಿ. ಪಾಳಿಯಲ್ಲಿ ದುಡಿಯುವವರ ಹೊತ್ತಿಗೂ ವಿಮಾನ ಹಿಡಿಯುವವರ ಹೊತ್ತಿಗೂ ಅವು ಹೊಂದಲಿಲ್ಲ. ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕಿತ್ತು. ಹಾಲ್ಟಿನಿಂದ ಟರ್ಮಿನಲ್‌ಗೆ ಮತ್ತೆ ಬಸ್ಸು ಹತ್ತಬೇಕಿತ್ತು. ಜನ ಬರುತ್ತಿಲ್ಲ ಎಂಬ ಕಾರಣ ಕೊಟ್ಟು ಕೆಲವು ಗಾಡಿಗಳನ್ನು ನಿಲ್ಲಿಸಲಾಯಿತು. 2022ರಲ್ಲಿ ತಂತಿ ಬಂತು, ಡೆಮು ಹೋಗಿ ವಿದ್ಯುತ್ತಿನಿಂದ ಓಡುವ ಮೆಮು ಬಂತು. ಹೊಗೆ ನಿಂತಿತು, ದೂರು ನಿಲ್ಲಲಿಲ್ಲ. ಸೋತಿದ್ದು ಡೀಸೆಲ್ ಅಲ್ಲ, ವೇಳಾಪಟ್ಟಿ.

ಈಗ ಮತ್ತೆ ಘಾಟಿಯ ಹಾದಿಗೆ ಬರೋಣ. ಕಳೆದ ದಶಕದಲ್ಲಿ ಇಲ್ಲಿ ಎರಡು ದೊಡ್ಡ ಕೆಲಸಗಳಾದವು. ಯಲಹಂಕದಿಂದ ಧರ್ಮಾವರ, ಗುತ್ತಿಯವರೆಗೆ ವಿದ್ಯುದೀಕರಣ ಮುಗಿಯಿತು. ಯಲಹಂಕದಿಂದ ಪೆನುಕೊಂಡದವರೆಗೆ ಸುಮಾರು 120 ಕಿಲೋಮೀಟರ್ ಜೋಡಿ ಹಳಿಯೂ ಬಂತು. ದೇಶದ ಬ್ರಾಡ್ ಗೇಜ್ ಜಾಲವನ್ನೆಲ್ಲ ವಿದ್ಯುತ್ತಿಗೆ ತರುವ ತೀರ್ಮಾನಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2018ರಲ್ಲಿ. ಡೀಸೆಲ್ ಎಂಜಿನ್ನಿನ ತವರಾದ ವಾರಾಣಸಿಯ ಕಾರ್ಖಾನೆ 2020ರಲ್ಲಿ ತನ್ನ ಹೆಸರಿನಿಂದಲೇ ಡೀಸೆಲನ್ನು ತೆಗೆದು ಬನಾರಸ್ ಲೋಕೋಮೋಟಿವ್ ವರ್ಕ್ಸ್ ಆಯಿತು. ಇದರಲ್ಲಿ ಅಳುವುದಕ್ಕೆ ಏನೂ ಇಲ್ಲ. ಆಮದು ಎಣ್ಣೆಯ ಖರ್ಚು, ಹೊಗೆ, ನಿಂತಲ್ಲೂ ಡೀಸೆಲ್ ಕುಡಿಯುವ ಎಂಜಿನ್, ಯಾವುದೂ ಉಳಿಸಿಕೊಳ್ಳಬೇಕಾದದ್ದಲ್ಲ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಮೆಮು ಗಾಡಿಯಲ್ಲಿ ಮೋಟಾರುಗಳು ಗಾಡಿಯುದ್ದಕ್ಕೂ ಹಂಚಿಹೋಗಿರುತ್ತವೆ. ನಿಂತಲ್ಲಿಂದ ಅದು ಎದ್ದು ಓಡುವ ಚುರುಕು ಆಲ್ಕೊ ಎಂಜಿನ್ನಿಗೆ ಎಂದೂ ಇರಲಿಲ್ಲ. ಅಂದರೆ ಒಂದು ನಿಲುಗಡೆಗೆ ತಗಲುವ ಸಮಯ ಮೊದಲಿಗಿಂತ ಕಡಿಮೆ. ಜೋಡಿ ಹಳಿಯಿದ್ದ ಮೇಲೆ ಎದುರಿನ ಗಾಡಿಗಾಗಿ ಕಾಯುವ ಪ್ರಶ್ನೆಯೇ ಇಲ್ಲ. ಎಂಜಿನ್ ಸುತ್ತಿಸುವ ರಗಳೆಯೂ ಇಲ್ಲ. ಪ್ಯಾಸೆಂಜರ್ ಗಾಡಿಗಳನ್ನು ಹೆಚ್ಚಿಸಲಾಗದು, ಹೆಚ್ಚು ಕಡೆ ನಿಲ್ಲಿಸಲಾಗದು ಎನ್ನಲು ಡೀಸೆಲ್ ಕಾಲದಲ್ಲಿದ್ದ ಮೂರೂ ಕಾರಣಗಳು ಈ ಮಾರ್ಗದಲ್ಲಿ ಅಳಿದುಹೋಗಿವೆ. ಸಾರ್ವಜನಿಕರ ಹಣದಿಂದಲೇ ಅಳಿಸಿದ್ದು.

ಆ ಹಣದ ಫಲ ಯಾರಿಗೆ ಸಿಕ್ಕಿತು? 2023ರ ಸೆಪ್ಟೆಂಬರಿನಲ್ಲಿ ಕಾಚಿಗುಡ–ಯಶವಂತಪುರ ವಂದೇ ಭಾರತ್ ಈ ಹಳಿಗೆ ಬಂತು, 2024ರ ಮಾರ್ಚಿನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಶುರುವಾಯಿತು. ಒಳ್ಳೆಯದೇ, ಕಲಬುರಗಿಯವರ ಬಹುಕಾಲದ ಬೇಡಿಕೆ ಈಡೇರಿತು. ಆದರೆ ದೂರದ ಗಾಡಿಗಳಿಗೆ ಜಾಗ ಸಿಕ್ಕ ಹಳಿಯಲ್ಲಿ ಹತ್ತಿರದವರಿಗೆ ಅದೇ ಪ್ರಮಾಣದಲ್ಲಿ ಸಿಗಲಿಲ್ಲ. ಕೋವಿಡ್ ಸಮಯದಲ್ಲಿ ಪ್ಯಾಸೆಂಜರ್ ಗಾಡಿಗಳನ್ನು ನಿಲ್ಲಿಸಿ, ಮತ್ತೆ ಆರಂಭಿಸುವಾಗ ಎಕ್ಸ್‌ಪ್ರೆಸ್ ಸ್ಪೆಷಲ್ ಎಂದು ಹಣೆಪಟ್ಟಿ ಅಂಟಿಸಿ, ಕನಿಷ್ಠ ಟಿಕೆಟ್ ದರವನ್ನು 10 ರೂಪಾಯಿಯಿಂದ 30 ರೂಪಾಯಿಗೆ ಏರಿಸಲಾಯಿತು. ಅದೇ ಬೋಗಿ, ಅದೇ ವೇಗ, ಮೂರು ಪಟ್ಟು ದರ. ಹಳೆಯ ದರ ಮರಳಿದ್ದು 2024ರ ಫೆಬ್ರುವರಿಯಲ್ಲಿ. ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿಗೋ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೋ ಗೌರಿಬಿದನೂರು ಕಡೆಯಿಂದ ದಿನಗೂಲಿಗೆ ಬರುವವರಿಗೆ ಆ 20 ರೂಪಾಯಿ ವ್ಯತ್ಯಾಸ ಸಣ್ಣದಲ್ಲ. ರೈಲು ಬಿಟ್ಟು ಬಸ್ಸು, ಟೆಂಪೊ, ಬೈಕು ಹಿಡಿದವರು ದರ ಇಳಿದ ಮಾತ್ರಕ್ಕೆ ಮರುದಿನವೇ ವಾಪಸು ಬರುವುದಿಲ್ಲ.

ರೈಲ್ವೆಯ ವಾದವನ್ನೂ ಕೇಳಬೇಕು. ಪ್ರತಿ ಪ್ರಯಾಣಿಕ ಟಿಕೆಟ್ಟಿನ ಮೇಲೆ ಸರಾಸರಿ ಶೇ 46ರಷ್ಟು ಸಬ್ಸಿಡಿ ಕೊಡುತ್ತಿದ್ದೇವೆ ಎಂದು ರೈಲ್ವೆ ಸಚಿವರು ಹೇಳುತ್ತಾ ಬಂದಿದ್ದಾರೆ. ಹತ್ತು ರೂಪಾಯಿ ಟಿಕೆಟ್ಟಿನ ಲೋಕಲ್ ಗಾಡಿಯಲ್ಲಿ ಲಾಭ ಹುಡುಕುವುದು ಸಾಧ್ಯವಿಲ್ಲದ ಮಾತು. ಇತ್ತ ರಾಜ್ಯದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಘಾಟಿಗೆ ಹರಕೆ ತೀರಿಸಲು ಹೋಗುವ ಮನೆಮಂದಿ ಪುಕ್ಕಟೆ ಬಸ್ಸು ಬಿಟ್ಟು ರೈಲಿಗೆ ಯಾಕೆ ಬರಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಉತ್ತರ ಎರಡು. ಮೊದಲನೆಯದು, ಬಸ್ಸಿಗೆ ಒಂದು ಮಿತಿಯಿದೆ. ಷಷ್ಠಿ, ಭಾನುವಾರ, ಹಬ್ಬದ ದಿನಗಳಲ್ಲಿ ಬಸ್ಸಿನ ಬಾಗಿಲಲ್ಲಿ ಜೋತಾಡುವವರಿಗೆ ಉಚಿತ ಟಿಕೆಟ್ ಸೀಟು ಕೊಡುವುದಿಲ್ಲ. ಎಂಟು ಬೋಗಿಯ ಒಂದು ಮೆಮು ಒಂದೇ ಸಲಕ್ಕೆ ಹತ್ತಾರು ಬಸ್ಸಿನ ಜನರನ್ನು ಹೊತ್ತೊಯ್ಯುತ್ತದೆ, ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ದಟ್ಟಣೆಗೆ ಸಿಲುಕುವುದೂ ಇಲ್ಲ. ಎರಡನೆಯದು, ಸಣ್ಣ ನಿಲ್ದಾಣದ ಲಾಭ ನಷ್ಟವನ್ನು ಅದರ ಟಿಕೆಟ್ ಕೌಂಟರಿನಲ್ಲಷ್ಟೇ ಎಣಿಸಬಾರದು. ಬ್ರಿಟನ್ನಿನಲ್ಲಿ 1963ರಲ್ಲಿ ರಿಚರ್ಡ್ ಬೀಚಿಂಗ್ ಹಾಗೆ ಎಣಿಸಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಹಾದಿಯನ್ನೂ ಮುಚ್ಚಲು ಶಿಫಾರಸು ಮಾಡಿದರು. ಹಳ್ಳಿಯ ನಿಲ್ದಾಣ ಕಳೆದುಕೊಂಡವರು ಪಟ್ಟಣದ ನಿಲ್ದಾಣಕ್ಕೆ ಬಂದು ರೈಲು ಹತ್ತುತ್ತಾರೆ ಎಂದು ನಂಬಲಾಗಿತ್ತು. ಅನೇಕರು ಕಾರು ಕೊಂಡರು. ಅಂದು ಮುಚ್ಚಿದ ಹಾದಿಗಳಲ್ಲಿ ಕೆಲವನ್ನು ಈಗ ದುಬಾರಿ ಹಣ ಸುರಿದು ಮತ್ತೆ ತೆರೆಯುತ್ತಿದ್ದಾರೆ.

ಹೊತ್ತಿಗೆ ಸರಿಯಾಗಿ ಗಾಡಿ ಬಿಟ್ಟರೆ ಜನ ಹೇಗೆ ಹಿಡಿದುಕೊಳ್ಳುತ್ತಾರೆ ಎಂಬುದಕ್ಕೆ ಕೆಜಿಎಫ್‌ಗಿಂತ ಬೇರೆ ಉದಾಹರಣೆ ಬೇಡ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. ಮಾರಿಕುಪ್ಪಂ, ಬಂಗಾರಪೇಟೆ ಕಡೆಯ ಬೆಳಗಿನ ಗಾಡಿಗಳು ಇಲ್ಲದಿದ್ದರೆ ಆ ಊರು ಖಾಲಿಯಾಗುತ್ತಿತ್ತು. ಇಂದಿಗೂ ಸಾವಿರಾರು ಜನ ಅಲ್ಲಿಂದ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು ರಾತ್ರಿ ಊರು ಸೇರುತ್ತಾರೆ. ಮನೆ ಬಿಡದೆ ಕೆಲಸ ಹುಡುಕುವ ಅವಕಾಶ ಕೊಟ್ಟದ್ದು ಪ್ಯಾಸೆಂಜರ್ ಗಾಡಿ ಮತ್ತು ತಿಂಗಳ ಪಾಸು. ದೊಡ್ಡಬಳ್ಳಾಪುರ, ಗೌರಿಬಿದನೂರಿನವರಿಗೂ ಇದೇ ಬೇಕಾಗಿರುವುದು. ದೇವನಹಳ್ಳಿ, ದೊಡ್ಡಬಳ್ಳಾಪುರ ಸೀಮೆಯಲ್ಲಿ ಫಾಕ್ಸ್‌ಕಾನ್‌ನಂಥ ದೊಡ್ಡ ಕಾರ್ಖಾನೆಗಳು ಬಂದಿರುವಾಗ ನಗರದಿಂದ ಹೊರಕ್ಕೆ ದುಡಿಯಲು ಹೋಗುವವರೂ ಹೆಚ್ಚುತ್ತಿದ್ದಾರೆ. ಬೆಳಿಗ್ಗೆ ನಗರಕ್ಕೆ, ಸಂಜೆ ಊರಿಗೆ ಎಂಬ ಹಳೆಯ ಲೆಕ್ಕದ ವೇಳಾಪಟ್ಟಿ ಇವರಿಗೆ ಆಗಿಬರುವುದಿಲ್ಲ.

ಬೆಂಗಳೂರು ಉಪನಗರ ರೈಲು ಯೋಜನೆ ಇದಕ್ಕೆ ಪರಿಹಾರ ಎನ್ನುವವರಿದ್ದಾರೆ. 2020ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ, 148 ಕಿಲೋಮೀಟರ್ ಉದ್ದದ ಈ ಯೋಜನೆಯ ನಾಲ್ಕು ಮಾರ್ಗಗಳಲ್ಲಿ ಒಂದು, ‘ಕನಕ’, ಹೀಲಲಿಗೆಯಿಂದ ರಾಜಾನುಕುಂಟೆಗೆ. ರಾಜಾನುಕುಂಟೆಗೇ ಮುಕ್ತಾಯ. ಅದರಾಚೆಯ ದೊಡ್ಡಬಳ್ಳಾಪುರ, ಮಾಕಳಿದುರ್ಗ, ಗೌರಿಬಿದನೂರಿಗೆ ವಿಸ್ತರಿಸುವ ಮಾತು ಇನ್ನೂ ಪ್ರಸ್ತಾವದ ಹಂತ ದಾಟಿಲ್ಲ. ಮೊದಲ ಹಂತದ ಕಾಮಗಾರಿಯೇ ಕುಂಟುತ್ತಿರುವಾಗ ಆ ವಿಸ್ತರಣೆಗೆ ಕಾಯಿರಿ ಎನ್ನುವುದು ಕೈತೊಳೆದುಕೊಳ್ಳುವ ಮಾತು. ಇರುವ ಜೋಡಿ ಹಳಿಯ ಮೇಲೆ ಇರುವ ಮೆಮುಗಳನ್ನೇ ಹೆಚ್ಚು ಸಲ ಓಡಿಸಲು ಹೊಸ ನೆಲ ಸ್ವಾಧೀನವೂ ಬೇಡ, ಹೊಸ ಸೇತುವೆಯೂ ಬೇಡ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಹಗಲಿನಲ್ಲಿ ಗಂಟೆಗೊಂದಾದರೂ ಮೆಮು ಬೆಂಗಳೂರು–ಗೌರಿಬಿದನೂರು ನಡುವೆ ಎಲ್ಲ ನಿಲ್ದಾಣಗಳಲ್ಲಿ ನಿಂತು ಓಡಲಿ. ಬೆಂಗಳೂರು ಮುಖ್ಯ ನಿಲ್ದಾಣದಲ್ಲಿ ಜಾಗವಿಲ್ಲದಿದ್ದರೆ ಯಶವಂತಪುರದಿಂದಲೋ ಯಲಹಂಕದಿಂದಲೋ ಹೊರಡಲಿ. ಮಾಕಳಿದುರ್ಗದಲ್ಲಿ ಗಾಡಿ ನಿಲ್ಲುವ ಹೊತ್ತಿಗೆ ಘಾಟಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸು ಹೊರಗೆ ಕಾದಿರಲಿ. ವಿಮಾನ ನಿಲ್ದಾಣದ ಹಾಲ್ಟಿನ ಅನುಭವ ಹೇಳಿದ್ದು ಇದನ್ನೇ. ರಥೋತ್ಸವ ಮತ್ತು ದನಗಳ ಜಾತ್ರೆಯ ದಿನಗಳಿಗೆ ಹಿಂದೂಪುರ ಕಡೆಯಿಂದಲೂ ಬೆಂಗಳೂರು ಕಡೆಯಿಂದಲೂ ವಿಶೇಷ ಗಾಡಿ ಬಿಡಲಿ. ಮಾಕಳಿ ಬೆಟ್ಟ ಹತ್ತಲು ಬರುವ ಚಾರಣಿಗರು ಹಳಿಯ ಮೇಲೆಯೇ ನಡೆಯುವ ಚಾಳಿ ಒಂಟಿ ಹಳಿಯ ಕಾಲದಿಂದ ಬಂದದ್ದು. ಎರಡೂ ದಿಕ್ಕಿನಿಂದ ಸದ್ದಿಲ್ಲದೆ ವಿದ್ಯುತ್ ಗಾಡಿಗಳು ಬರುವ ಈ ಹೊತ್ತಿನಲ್ಲಿ ಅದು ಸಾವಿಗೆ ಆಹ್ವಾನ. ನಿಲ್ದಾಣದಿಂದ ಬೆಟ್ಟಕ್ಕೂ ಊರಿಗೂ ಬೇರೆ ಕಾಲುದಾರಿ ಮಾಡಿಕೊಡುವುದು ರೈಲ್ವೆ ಮತ್ತು ಅರಣ್ಯ ಇಲಾಖೆ ಕೂಡಿ ಮಾಡಬಹುದಾದ ಕೆಲಸ.

ಖರ್ಚಿನ ಪಾಲು ರಾಜ್ಯವೂ ಹೊರಬೇಕು. ಬಸ್ಸಿನ ಉಚಿತ ಪ್ರಯಾಣಕ್ಕೆ ಹಣ ಒದಗಿಸುವ ಸರ್ಕಾರ ಅದರ ಅಲ್ಪ ಭಾಗವನ್ನು ಇಂಥ ಲೋಕಲ್ ಗಾಡಿಗಳ ನಷ್ಟ ತುಂಬಲು ತೆಗೆದಿಟ್ಟರೆ ರೈಲ್ವೆಗೆ ಹೇಳಲು ನೆಪ ಉಳಿಯುವುದಿಲ್ಲ. ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗ, ರಾಜ್ಯ ಸರ್ಕಾರ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಜನಪ್ರತಿನಿಧಿಗಳು ಒಂದು ಮೇಜಿನ ಸುತ್ತ ಕೂತು, ಮುಂದಿನ ವೇಳಾಪಟ್ಟಿ ಅಚ್ಚಾಗುವ ಮುಂಚೆ ಇದನ್ನು ತೀರ್ಮಾನಿಸಬೇಕು. ಮುಂದಿನ ಪುಷ್ಯ ಷಷ್ಠಿಗೆ ಮಾಕಳಿದುರ್ಗದಲ್ಲಿ ಹೆಚ್ಚುವರಿ ಗಾಡಿ ನಿಲ್ಲಿಸಲು ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ, ಒಂದು ಆದೇಶ ಸಾಕು.